ಅಳತೆ ಟೇಪಿನ ಯಾಗಿ, 4 ಮೆಗಾಹರ್ಟ್ಸ್ ಆಫ್‌ಸೆಟ್ ಅಟೆನ್ಯೂಯೇಟರ್: ಎರಡು ವರ್ಷದ ಬಳಕೆಯ ನಂತರ

ಬಚ್ಚಿಟ್ಟ ಟ್ರಾನ್ಸ್‌ಮಿಟರನ್ನು (ಅದೇ ಫಾಕ್ಸ್) ಹುಡುಕುವ ರೇಡಿಯೋ ದಿಕ್ಕು ಪತ್ತೆಗೆ, ಅಂದರೆ ಹವ್ಯಾಸಿ ರೇಡಿಯೋದ ಹ್ಯಾಮ್‌ಗಳ ಮಾತಿನ ಫಾಕ್ಸ್ ಹಂಟ್‌ಗೆ, ಹೊಸದಾಗಿ ಇಳಿಯುವವರು ಆಂಟೆನಾ ಆಯ್ಕೆಗೇ ತಲೆ ಕೆಡಿಸಿಕೊಳ್ಳುತ್ತಾರೆ. ದೂರದ ಫಾಕ್ಸ್ ಯಾವ ಕಡೆಗಿದೆ ಎಂದು ಒಂದು ದಿಕ್ಕಿನ ಸಿಗ್ನಲ್ಲನ್ನೇ ಹೆಚ್ಚಾಗಿ ಹಿಡಿಯುವ ಸಾಧಾರಣ ಯಾಗಿ ಆಂಟೆನಾವೂ ಹೇಳುತ್ತದೆ. ಆಟ ಕೆಡುವುದು ಕೊನೆಯ ನೂರು ಮೀಟರಿನಲ್ಲಿ. ಅಲ್ಲಿ ಆಂಟೆನಾ ಎತ್ತ ತಿರುಗಿಸಿದರೂ ಸಿಗ್ನಲ್ ಪಟ್ಟಿ ತುಂಬಿಯೇ ಇರುತ್ತದೆ. ಹಾಗಾಗಿ 2 ಮೀಟರ್ (144 ಮೆಗಾಹರ್ಟ್ಸ್) ಬ್ಯಾಂಡಿನ ಈ ಜೋಡಿಯಲ್ಲಿ ಯಾಗಿಗೆ ಐದರಲ್ಲಿ ನಾಲ್ಕು ಅಂಕ, ಸಿಗ್ನಲ್ ತಗ್ಗಿಸುವ ಅಟೆನ್ಯೂಯೇಟರ್ ಡಬ್ಬಿಗೆ ಪೂರ್ತಿ ಐದು.

ಯಾಗಿ ಡಬ್ಲ್ಯೂಬಿ2ಎಚ್‌ಓಎಲ್ ಎಂಬ ಕರೆಸಂಕೇತದಿಂದ ಹೆಸರಾದ ಮೂರು ಎಲಿಮೆಂಟಿನ ವಿನ್ಯಾಸ. 25 ಮಿ.ಮೀ. ಅಗಲದ ಉಕ್ಕಿನ ಅಳತೆ ಟೇಪು, ಪಿವಿಸಿ ಪೈಪು, ಹೋಸ್ ಕ್ಲಾಂಪು ಇಷ್ಟೇ ಸಾಮಾನು. ಹಿಂದಿನ ರಿಫ್ಲೆಕ್ಟರ್ 105.1 ಸೆಂ.ಮೀ., ಮುಂದಿನ ಡೈರೆಕ್ಟರ್ 89.2 ಸೆಂ.ಮೀ. ಕೇಬಲ್ ಜೋಡಿಸುವ ನಡುವಿನ ಡ್ರಿವನ್ ಎಲಿಮೆಂಟು ತಲಾ 45.1 ಸೆಂ.ಮೀ.ನ ಎರಡು ತುಂಡು, ಮಧ್ಯೆ 2.5 ಸೆಂ.ಮೀ. ಸಂದು. ಅದರಿಂದ ರಿಫ್ಲೆಕ್ಟರಿಗೆ 20.3, ಡೈರೆಕ್ಟರಿಗೆ 31.8 ಸೆಂ.ಮೀ. ಅಂತರ. ಸಂದಿನ ಎರಡು ಬದಿಗೆ, ಆಂಟೆನಾವನ್ನು ಕೇಬಲ್ಲಿಗೆ ಹೊಂದಿಸಲು, ಯು ಆಕಾರದ ಹೇರ್‌ಪಿನ್ ಬರುತ್ತದೆ. 12.7 ಸೆಂ.ಮೀ. ತಂತಿಯನ್ನು 1.9 ಸೆಂ.ಮೀ. ಅಗಲಕ್ಕೆ ಬಾಗಿಸಿದರೆ ಅದು ಸಿದ್ಧ. ಪೊದೆಗೆ ಸಿಕ್ಕಿದ ಎಲಿಮೆಂಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಯೂಮಿನಿಯಂ ಕೊಳವೆಯ ಆಂಟೆನಾ ಹಿಡಿದು ಮುಳ್ಳುಪೊದೆಯಲ್ಲಿ ನುಗ್ಗಿದವರಿಗೆ ಇದರ ಬೆಲೆ ಗೊತ್ತು.

ಎರಡು ವರ್ಷದಲ್ಲಿ ಕೈಕೊಟ್ಟಿರುವುದು ಹೆಚ್ಚಾಗಿ ಬೆಸುಗೆಯೇ. ಟೇಪಿನ ಬಣ್ಣದ ಮೇಲೆ ಬೆಸುಗೆ ಹಿಡಿಯುವುದಿಲ್ಲ. ಉಪ್ಪುಕಾಗದದಿಂದ ಉಕ್ಕು ಹೊಳೆಯುವ ತನಕ ಉಜ್ಜಿ, ಪೈಪಿಗೆ ಕಟ್ಟುವ ಮೊದಲೇ ಸೀಸ ಲೇಪಿಸಿಕೊಳ್ಳಬೇಕು. ಆಮೇಲೆ ಕಾಯಿಸಿದರೆ ಪಿವಿಸಿ ಕರಗುತ್ತದೆ. ಉಜ್ಜಿದ ಜಾಗ ಮಳೆಗಾಲದಲ್ಲಿ ತುಕ್ಕು ಹಿಡಿಯುವುದರಿಂದ ಬೆಸುಗೆಯಾದ ಕೂಡಲೇ ವಾರ್ನಿಷ್ ಹಚ್ಚಿಡಿ. ಕೇಬಲ್ ಜೋತಾಡಿದರೆ ಹೇರ್‌ಪಿನ್ ಬುಡದಲ್ಲೇ ಮುರಿಯುತ್ತದೆ. ಬೂಮಿನ (ನಡುವಿನ ಪಿವಿಸಿ ಪೈಪಿನ) ಸುತ್ತ ಐದಾರು ಸುತ್ತು ಹಾಕಿ ಬಿಗಿದರೆ ಎಳೆತ ತಪ್ಪುತ್ತದೆ, ಕೇಬಲ್ಲಿನ ಹೊರಕವಚವೇ ಆಂಟೆನಾದಂತೆ ಸಿಗ್ನಲ್ ಹಿಡಿದು ದಿಕ್ಕನ್ನು ಮಸುಕು ಮಾಡುವುದೂ ಕಡಿಮೆಯಾಗುತ್ತದೆ. ಟೇಪಿನ ತುದಿಗಳು ಬ್ಲೇಡಿನಂತೆ ಕೊಯ್ಯುತ್ತವೆ. ದುಂಡಗೆ ಕತ್ತರಿಸಿ, ಇನ್ಸುಲೇಷನ್ ಟೇಪು ಸುತ್ತಿ.

ಇನ್ನು ಡಬ್ಬಿ. ಬರೀ ರೆಸಿಸ್ಟರುಗಳ ಅಟೆನ್ಯೂಯೇಟರಿನಿಂದ ಹ್ಯಾಂಡಿ ಸೆಟ್ಟಿಗೆ (ಕೈಯಲ್ಲಿ ಹಿಡಿಯುವ ರೇಡಿಯೋಗೆ) ಫಾಕ್ಸ್ ಹತ್ತಿರವಿದ್ದಾಗ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಮೈಯ ಮೂಲಕವೇ ಸಿಗ್ನಲ್ ಒಳಗೆ ನುಗ್ಗುತ್ತದೆ. ಆಫ್‌ಸೆಟ್ ಡಬ್ಬಿ ಈ ಕಷ್ಟವನ್ನು ಬೇರೆ ದಾರಿಯಿಂದ ಬಿಡಿಸುತ್ತದೆ. ಒಳಗಿನ 4 ಮೆಗಾಹರ್ಟ್ಸ್ ಆಸಿಲೇಟರು ಡಯೋಡಿನಲ್ಲಿ ಫಾಕ್ಸ್‌ನ ಸಿಗ್ನಲ್ ಜೊತೆ ಬೆರೆಯುತ್ತದೆ. ಫಾಕ್ಸ್ 145.3 ಮೆಗಾಹರ್ಟ್ಸ್‌ನಲ್ಲಿದ್ದರೆ ಸೆಟ್ಟನ್ನು 149.3ಕ್ಕೆ ಇಡಬೇಕು. ಆ ಆವರ್ತನದಲ್ಲಿ ಸಿಗ್ನಲ್ ಹುಟ್ಟುವುದು ಡಯೋಡಿನಲ್ಲಿ ಮಾತ್ರ. ಆದ್ದರಿಂದ ಮೈಯಿಂದ ಸೋರುವುದಕ್ಕೆ ಬೆಲೆಯಿಲ್ಲ, ಡಬ್ಬಿಯ ಗುಬ್ಬಿ (ನಾಬ್) ತಿರುಗಿಸಿದಷ್ಟೂ ಸಿಗ್ನಲ್ ಇಳಿಯುತ್ತದೆ. ಫಾಕ್ಸ್ ದೂರವಿರುವಾಗ ಆಸಿಲೇಟರು ಆಫ್ ಮಾಡಿ ನೇರ ಆವರ್ತನದಲ್ಲೇ ಕೇಳಿ.

ಎರಡು ಎಚ್ಚರಿಕೆ ಬೇಕು. ಆಸಿಲೇಟರಿನ 37ನೇ ಹಾರ್ಮೋನಿಕ್ (ಮೂಲ ಆವರ್ತನದ 37 ಪಟ್ಟು) ಸರಿಯಾಗಿ 148ರಲ್ಲಿ ಬೀಳುತ್ತದೆ. ಅಭ್ಯಾಸದ ಫಾಕ್ಸನ್ನು 144.000ದಲ್ಲಿಟ್ಟರೆ ಆಫ್‌ಸೆಟ್ ಅದರ ಮೇಲೇ ಕೂರುತ್ತದೆ. ಎರಡನೆಯದು, ಡಬ್ಬಿ ಸಿಕ್ಕಿಸಿದ ಸೆಟ್ಟಿನ ಪಿಟಿಟಿ (ಮಾತನಾಡಲು ಒತ್ತುವ ಗುಂಡಿ) ಒತ್ತಿದರೆ ಡಯೋಡು ಸುಡುತ್ತದೆ, ನಿಮ್ಮ ಪ್ರಸಾರವೂ ಹ್ಯಾಮ್ ಬ್ಯಾಂಡಿನ ಹೊರಗೆ ಹೋಗುತ್ತದೆ. ಮೆನುವಿನಲ್ಲಿ ಆ ಚಾನೆಲ್ಲಿನ ಪ್ರಸಾರವನ್ನು ಮೊದಲೇ ನಿಲ್ಲಿಸಿಡಿ. ಡಬ್ಬಿಯ 9 ವೋಲ್ಟಿನ ಬ್ಯಾಟರಿಯನ್ನು ಆಫ್ ಮಾಡಲು ಮರೆಯುವುದು ಎಲ್ಲರ ಪಾಡು. ಸೂಚಕ ದೀಪವಿಲ್ಲದ ಡಬ್ಬಿ ಕೊಳ್ಳಬೇಡಿ.

ಸಾಮಾನ್ಯ ಹ್ಯಾಂಡಿ ಸೆಟ್ಟಿನ ಸಿಗ್ನಲ್ ಪಟ್ಟಿಯನ್ನು ನಂಬಬೇಡಿ. ಸಿಗ್ನಲ್ ಇಲ್ಲದಾಗ ಸದ್ದಡಗಿಸುವ ಸ್ಕ್ವೆಲ್ಚನ್ನು ಸೊನ್ನೆಗೆ ಇಳಿಸಿ ಕಿವಿಯಿಂದ ಕೆಲಸ ಮಾಡಿ. ಎಫ್‌ಎಂನಲ್ಲಿ ಸಿಗ್ನಲ್ ಕುಗ್ಗಿದಂತೆ ಹಿಸ್ ಎನ್ನುವ ಸದ್ದು ಏರುತ್ತದೆ. ಆ ಸದ್ದು ಆಗತಾನೆ ಕೇಳಿಸುವ ಮಟ್ಟಕ್ಕೆ ಗುಬ್ಬಿ ತಂದು, ಆಂಟೆನಾವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಎರಡೂ ಕಡೆ ಹಿಸ್ ಒಂದೇ ಮಟ್ಟಕ್ಕೆ ಬರುವ ದಿಕ್ಕುಗಳ ನಡುಮಧ್ಯವೇ ಫಾಕ್ಸ್‌ನ ದಿಕ್ಕು. ಯಾಗಿ ಸಿಗ್ನಲ್ ಹಿಡಿಯುವ ಕೋನ ಅಗಲವಾದ್ದರಿಂದ ಬರೀ ಜೋರಾದ ಜಾಗ ಹುಡುಕಿದರೆ ತಪ್ಪುತ್ತದೆ. 10 ಡಿಗ್ರಿ ತಪ್ಪು ಒಂದು ಕಿಲೋಮೀಟರಿನಲ್ಲಿ ಸುಮಾರು 175 ಮೀಟರ್ ಪಕ್ಕಕ್ಕೆ ಒಯ್ಯುತ್ತದೆ. ಎರಡನೇ ಗೆರೆಯನ್ನು ಮೊದಲನೆಯದಕ್ಕೆ ಆದಷ್ಟು ಲಂಬಕೋನ ಬರುವ ಜಾಗದಿಂದ ಎಳೆಯಿರಿ. ದಿಕ್ಸೂಚಿಯನ್ನು ಆಂಟೆನಾದಿಂದ ಕೈಯಳತೆ ದೂರ ಹಿಡಿಯಿರಿ, ಏಕೆಂದರೆ ಟೇಪು ಉಕ್ಕಿನದು. ಒಂದೆರಡು ಹೆಜ್ಜೆ ಸರಿದಾಗ ದಿಕ್ಕು ಜಿಗಿದರೆ ಅದು ಗುಡ್ಡದ ಅಥವಾ ಕಟ್ಟಡದ ಪ್ರತಿಫಲನ. ಎತ್ತರದ ಬಯಲಿಗೆ ಹೋಗಿ ಮತ್ತೆ ನೋಡಿ. ಎಲಿಮೆಂಟುಗಳನ್ನು ಅಡ್ಡಕ್ಕೂ ನಿಲುವಿಗೂ ಹಿಡಿದು ಹೋಲಿಸುವುದನ್ನು ಮರೆಯಬೇಡಿ.

ಯಾಗಿಗೆ ಒಂದು ಅಂಕ ಕಡಿತವಾದದ್ದು ಗಾತ್ರಕ್ಕೆ. ದಟ್ಟ ಕಾಡಿನಲ್ಲಿ ಒಂದು ಮೀಟರ್ ಅಗಲದ ವಸ್ತು ಹೊತ್ತು ಓಡುವುದು ದಣಿವಿನ ಕೆಲಸ.

ಸ್ಪರ್ಧೆಗೆ ಈ ಜೋಡಿ ಇದ್ದಂತೆಯೇ ಸಾಲದು. ಅಂತರರಾಷ್ಟ್ರೀಯ ಹ್ಯಾಮ್ ಒಕ್ಕೂಟ ಐಎಆರ್‌ಯು ನಿಯಮದ 144 ಮೆಗಾಹರ್ಟ್ಸ್ ಸ್ಪರ್ಧೆಯ ಫಾಕ್ಸ್‌ಗಳು ಎಎಂ ಸಂಕೇತ ಕಳಿಸುತ್ತವೆ, ಎಫ್‌ಎಂ ಸೆಟ್ಟಿಗೆ ಅದು ಸರಿಯಾಗಿ ಕೇಳಿಸುವುದಿಲ್ಲ. ಯಾಗಿಯನ್ನು ಉಳಿಸಿಕೊಂಡು ಎಎಂ ರಿಸೀವರ್ ಕೊಳ್ಳಿ. ಮೋರ್ಸ್ ಸಂಕೇತ ಬರದಿದ್ದರೂ ಪರವಾಗಿಲ್ಲ. ಕ್ಲಾಸಿಕ್ ಸ್ಪರ್ಧೆಯ ಐದು ಫಾಕ್ಸ್‌ಗಳು ಸರದಿಯಲ್ಲಿ ಒಂದೊಂದು ನಿಮಿಷ ಎಂಓಇ, ಎಂಓಐ, ಎಂಓಎಸ್, ಎಂಓಎಚ್, ಎಂಓ5 ಎಂದು ಕೂಗುತ್ತವೆ. ಕೊನೆಯ ಚುಕ್ಕೆಗಳನ್ನು ಒಂದರಿಂದ ಐದರವರೆಗೆ ಎಣಿಸಿದರೆ ಫಾಕ್ಸ್‌ನ ಸಂಖ್ಯೆ ಸಿಕ್ಕಿತು. ಕಟ್ಟಡ, ಕಣಿವೆ ಹೆಚ್ಚಿರುವ ಕಡೆ ಅಭ್ಯಾಸ ಮಾಡುವವರು 80 ಮೀಟರಿನ ಫೆರೈಟ್ ಕಡ್ಡಿಯ ರಿಸೀವರಿನಿಂದಲೇ ಶುರು ಮಾಡಬಹುದು. ಅಲ್ಲಿ ಪ್ರತಿಫಲನದ ಕಾಟ ತೀರಾ ಕಡಿಮೆ, ವಿದ್ಯುತ್ ತಂತಿ ಮತ್ತು ಲೋಹದ ಬೇಲಿಯಿಂದ ಮಾತ್ರ ದೂರ ನಿಂತು ದಿಕ್ಕು ತೆಗೆಯಬೇಕು.