ಜಠರದ ಆರಂಭಿಕ ಕ್ಯಾನ್ಸರಿಗೆ ಸಣ್ಣ ರಂಧ್ರದ ಆಪರೇಷನ್: ಬೆಳಗಾವಿಯಲ್ಲಿ ದಾಖಲಾಗುವ ಮುನ್ನ

ಕ್ಯಾನ್ಸರ್ ಆರಂಭದಲ್ಲೇ ಸಿಕ್ಕಿದೆ ಅಂದ ಕೂಡಲೇ ಮನೆಮಂದಿ ಕೇಳುವುದು, ‘ಹೊಟ್ಟಿ ಕೊಯ್ತಾರೇನ್ರಿ?’ ಅದಕ್ಕಿಂತ ಮೊದಲು ಕೇಳಬೇಕಾದ್ದು, ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂದು. ಜಠರದ ಒಳಗಿನ ಲೋಳೆಪೊರೆಯಲ್ಲೇ ನಿಂತಿದ್ದರೆ ಬಾಯಿಂದ ಇಳಿಸಿದ ಎಂಡೋಸ್ಕೋಪಿನಲ್ಲೇ (ಕ್ಯಾಮೆರಾ ಇರುವ ಕೊಳವೆ) ಕೆಲಸ ಮುಗಿಯಬಹುದು. ಇದಕ್ಕೆ ಇಎಸ್‌ಡಿ (ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್) ಎನ್ನುತ್ತಾರೆ. ಇನ್ನೂ ಕೆಳಗಿಳಿದಿದ್ದರೆ ಜಠರದ ಭಾಗವನ್ನೋ ಪೂರ್ತಿ ಜಠರವನ್ನೋ ತೆಗೆದು, ಕ್ಯಾನ್ಸರ್ ಹರಡಬಹುದಾದ ಲಿಂಫ್ ಗಂಟುಗಳನ್ನೂ ತೆಗೆಯಬೇಕು. ಅದಕ್ಕೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನಡೆಸುವ ಲ್ಯಾಪರೊಸ್ಕೋಪಿ.

ಇಎಸ್‌ಡಿಯಲ್ಲಿ ಗಡ್ಡೆಯ ಅಂಚಿನಿಂದ ಸುಮಾರು 5 ಮಿ.ಮೀ. ಹೊರಗೆ ಸುತ್ತಲೂ ಚುಕ್ಕೆ ಇಡುತ್ತಾರೆ. ನೀಲಿ ಬಣ್ಣ ಬೆರೆಸಿದ ದ್ರವವನ್ನು ಪೊರೆಯ ಅಡಿಗೆ ಚುಚ್ಚಿ ಉಬ್ಬಿಸಿ, ಸುತ್ತ ಕೊಯ್ದು, ಆ ನೀಲಿ ಪದರದಲ್ಲೇ ಬಿಡಿಸುತ್ತಾ ಹೋಗುತ್ತಾರೆ. ಬರೀ ಸಲೈನ್ ಬೇಗ ಇಂಗುತ್ತದೆ. ಉಬ್ಬು ಇಳಿದಾಗ ಮತ್ತೆ ಚುಚ್ಚದಿದ್ದರೆ ಚಾಕು ಸ್ನಾಯುವಿಗೆ ತಾಗಿ ಜಠರ ತೂತಾಗಬಹುದು. ಹಯಲುರಾನಿಕ್ ಆಮ್ಲದ ದಪ್ಪ ದ್ರವ ಹೆಚ್ಚು ಹೊತ್ತು ನಿಲ್ಲುತ್ತದೆ. ಸಣ್ಣ ತೂತನ್ನು ಆಗಲೇ ಕ್ಲಿಪ್ ಹಾಕಿ ಮುಚ್ಚಬಹುದು.

ಈ ಸೇವೆಯ ಗುಣಮಟ್ಟ ಗೊತ್ತಾಗುವುದು ತೆಗೆದ ಗಡ್ಡೆಯನ್ನು ಪರೀಕ್ಷಿಸಿ ಕೊಡುವ ಪ್ಯಾಥಾಲಜಿ ವರದಿಯಲ್ಲಿ. ಗಡ್ಡೆ ಒಂದೇ ತುಂಡಾಗಿ ಬರಬೇಕು, ಹಲಗೆಗೆ ಪಿನ್ ಚುಚ್ಚಿ ಹರಡಿ ಫಾರ್ಮಲಿನ್‌ಗೆ ಹಾಕಬೇಕು, 2 ಮಿ.ಮೀ. ಅಂತರದಲ್ಲಿ ಕೊಯ್ದು ನೋಡಬೇಕು. ಸುತ್ತಲಿನ ಅಂಚು, ತಳದ ಅಂಚು, ಆಳ, ರಕ್ತನಾಳ ಮತ್ತು ಲಿಂಫ್ ನಾಳಗಳಿಗೆ ಹಬ್ಬಿದೆಯೇ: ಈ ನಾಲ್ಕೂ ಬರೆದಿರಲೇಬೇಕು. ತುಂಡು ತುಂಡಾಗಿ ತೆಗೆದರೆ ಅಂಚು ಎಲ್ಲಿತ್ತೆಂದು ಯಾರೂ ಖಚಿತವಾಗಿ ಹೇಳಲಾರರು. ‘ಎಲ್ಲಾ ತೆಗೆದೀವಿ’ ಎಂಬ ಬಾಯಿಮಾತಿಗೆ ಹಣ ಕೊಡಬೇಡಿ. ವರದಿಯಲ್ಲಿ ಅಪಾಯದ ಲಕ್ಷಣ ಕಂಡರೆ ಮತ್ತೊಂದು ಆಪರೇಷನ್ ಬೇಕಾಗಬಹುದು, ಅದನ್ನು ಮೊದಲೇ ಹೇಳುವ ವೈದ್ಯರನ್ನು ನಂಬಬಹುದು.

ಇಂಡಿ, ಹುನಗುಂದದಂಥ ದೂರದ ಊರಿನವರು ಬಿಡುಗಡೆಯಾದ ಕೂಡಲೇ ಬಸ್ ಹತ್ತುವುದು ಬೇಡ. ಇಎಸ್‌ಡಿ ಆದ ಎರಡು ವಾರದವರೆಗೂ ರಕ್ತಸ್ರಾವ ಆಗಬಹುದು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಿಕೊಂಡರೆ ತಕ್ಷಣ ವಾಪಸ್ ಬನ್ನಿ. (ಕಬ್ಬಿಣಾಂಶದ ಗುಳಿಗೆಯಿಂದಲೂ ಕಪ್ಪಾಗುತ್ತದೆ, ಆ ಗುಳಿಗೆ ನುಂಗುತ್ತಿದ್ದರೆ ತಿಳಿಸಿ.)

ಲ್ಯಾಪರೊಸ್ಕೋಪಿಗೆ ಸಾಮಾನ್ಯವಾಗಿ 5 ರಂಧ್ರ, 5ರಿಂದ 12 ಮಿ.ಮೀ. ಒಳಗಿಂದ ಜಠರ ಹೊರತೆಗೆಯಲು ಇನ್ನೊಂದು ಸಣ್ಣ ಕೊಯ್ತ. ಕೊರಿಯಾದ ಕ್ಲಾಸ್-01 ಅಧ್ಯಯನದಲ್ಲಿ 5 ವರ್ಷ ಬದುಕಿದವರು ಲ್ಯಾಪರೊಸ್ಕೋಪಿಯಲ್ಲಿ ಶೇ. 94.2, ತೆರೆದ ಆಪರೇಷನ್‌ನಲ್ಲಿ ಶೇ. 93.3. ಅಂದರೆ ರಂಧ್ರ ಸಣ್ಣದಾಯಿತೆಂದು ಚಿಕಿತ್ಸೆ ಸಡಿಲವಾಗುವುದಿಲ್ಲ, ಕೈ ಪಳಗಿದ್ದರೆ. ಆರಂಭದ ಗಡ್ಡೆ ಉಪಕರಣದ ತುದಿಗೆ ತಿಳಿಯುವುದೇ ಇಲ್ಲ. ಮೊದಲೇ ಎಂಡೋಸ್ಕೋಪಿಯಲ್ಲಿ ಕ್ಲಿಪ್ ಅಥವಾ ಶಾಯಿಯ ಗುರುತು ಹಾಕದಿದ್ದರೆ ಜಠರ ಕತ್ತರಿಸಿ ಮುಚ್ಚುವ ಸ್ಟೇಪ್ಲರ್ ತಪ್ಪು ಜಾಗದಲ್ಲಿ ಕೂರಬಹುದು. ವರದಿಯಲ್ಲಿ ಕನಿಷ್ಠ 16 ಲಿಂಫ್ ಗಂಟು ಪರೀಕ್ಷಿಸಿದ ಲೆಕ್ಕವಿರಲಿ.

ಜಠರ ತೆಗೆದ ಮೇಲೆ ಊಟ ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ. ರೊಟ್ಟಿ ಬಿರುಸಾಗಿರಬಾರದು. ಕುಂದಾ ಸದ್ಯ ಬೇಡ: ಸಕ್ಕರೆ ನೇರ ಕರುಳಿಗೆ ಇಳಿದು ಎದೆಬಡಿತ, ಬೆವರು, ಭೇದಿ ತರಬಹುದು. ಪೂರ್ತಿ ಜಠರ ತೆಗೆದವರಿಗೆ ಬಿ12 ಜೀವನಪರ್ಯಂತ ಬೇಕು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ನಿಮ್ಮ ಚಿಕಿತ್ಸೆ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ರೆಫರಲ್ ಪತ್ರ ಬೇಕೇ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಮನೆಗೆ ಹೊರಡುವಾಗ ವರದಿಯ ಜೊತೆ ಸ್ಲೈಡ್, ಬ್ಲಾಕ್‌ಗಳನ್ನು (ಗಡ್ಡೆಯ ತೆಳು ಪದರವಿರುವ ಗಾಜು, ಗಡ್ಡೆಯ ತುಂಡಿರುವ ಮೇಣದ ಅಚ್ಚು) ಪಡೆಯುವುದು ಹೇಗೆಂದೂ ಕೇಳಿಟ್ಟುಕೊಳ್ಳಿ.