ಬಹುಮಾನದ ಕೂಪನ್ ಬುಕ್ ಹಿಡಿದು ಯಾರಾದರೂ ತೋಟಕ್ಕೆ ಬಂದರೆ ಹುಷಾರು

ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೀತೀನಿ, ಇನ್ನೊಬ್ಬರು ನನ್ನ ಹಾಗೆ ಮಂಗ ಆಗಬಾರದು.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ನಮ್ಮ ಕಡೆಯ ಒಂದು ಸಂಘದವರು ಸಂತೋಷಕೂಟ ಇಟ್ಟಿದ್ದರು. ಸಮುದಾಯ ಭವನದ ಚಾವಣಿಗೆ ದುಡ್ಡು ಬೇಕಿತ್ತಂತೆ. ಕೂಪನ್ 100 ರೂಪಾಯಿ, ಮೊದಲ ಬಹುಮಾನ ಸ್ಕೂಟರ್. ಇಂಥವು ಕೊಡಗಿನಲ್ಲಿ ಯಾವ ಊರಲ್ಲಿ ಇಲ್ಲ ಹೇಳಿ? 25 ಚೀಟಿಯ ಬುಕ್ ನನ್ನ ಕೈಗೇ ಕೊಟ್ಟರು. 10 ನಾನೇ ಇಟ್ಟುಕೊಂಡೆ, 9 ನೆಂಟರಿಗೆ ಹೊರಿಸಿದೆ. ಉಳಿದ 6 ನಮ್ಮ ಲೈನ್ ಮನೆಯಲ್ಲಿರುವ ತೋಟದ ಕೆಲಸದವರಿಗೆ. ಕಾಫಿ ಕುಯ್ದು ಬಂದ ಕೂಲಿಯಲ್ಲಿ ಅವರು ಕೊಟ್ಟದ್ದು. ಅದೇ ಈಗಲೂ ಚುಚ್ಚುತ್ತೆ.

ಆ ರಾತ್ರಿ ಎಲ್ಲ ಚೆನ್ನಾಗೇ ಇತ್ತು. ಊಟಕ್ಕೆ ಕಡಂಬುಟ್ಟು, ಪಂದಿ ಕರಿ. ವಾಲಗಕ್ಕೆ ನಾನೂ ಕುಣಿದೆ. ಹತ್ತೂವರೆಗೆ ಡ್ರಾ ಅಂದರು. ನಮ್ಮ ಅತ್ತೆಗೆ ಕೂರೋಕೆ ಕುರ್ಚಿ ತರೋಣ ಅಂತ ವೇದಿಕೆ ಹಿಂದೆ ಹೋದೆ. ಅಲ್ಲೊಂದು ರಟ್ಟಿನ ಪೆಟ್ಟಿಗೆ. ಮೇಲೇ ನನ್ನ ಬುಕ್! ನನ್ನದೇ ಅಕ್ಷರ, ನಾನೇ ಬರೆದ ಹೆಸರುಗಳು, ಡ್ರಾಗೆ ಡ್ರಮ್ಮಿನಲ್ಲಿ ಬೀಳಬೇಕಾದ 25 ಅರ್ಧಚೀಟಿಗಳೂ ಹಾಗೇ ಇವೆ, ಒಂದನ್ನೂ ಹರಿದಿಲ್ಲ. ಅದರ ಕೆಳಗೆ ಇನ್ನೂ ಏಳೆಂಟು ಬುಕ್, ಅವೂ ಹಾಗೇ. ಅತ್ತ ಮೈಕಿನಲ್ಲಿ ಡ್ರಮ್ ತಿರುಗಿಸ್ತಿದ್ದಾರೆ, ಜನ ಚಪ್ಪಾಳೆ ಹೊಡೀತಿದ್ದಾರೆ. ನಮ್ಮ ಚೀಟಿ ಡ್ರಮ್ಮಿನಲ್ಲಿ ಇಲ್ಲವೇ ಇಲ್ಲ! ಬುಕ್ ಹಿಡಿದು ಅಲ್ಲೇ ನಿಂತುಬಿಟ್ಟೆ. ಕುರ್ಚಿ ಮರೆತೇ ಹೋಯ್ತು.

ಸ್ಕೂಟರ್ ಯಾರಿಗೆ ಬಂತು? ಒಂದು ನಂಬರ್ ಕೂಗಿದರು, ಯಾರೂ ಎದ್ದು ಬರಲಿಲ್ಲ. “ಗೆದ್ದವರು ಬಂದಿಲ್ಲ, ಆಮೇಲೆ ತಲುಪಿಸ್ತೇವೆ” ಅಂತ ಮೈಕ್ ಆಫ್.

ಕಾರ್ಯದರ್ಶಿಯನ್ನು ಹಿಡಿದು ಕೇಳಿದೆ. ಮೊದಲು “ಗಡಿಬಿಡಿಯಲ್ಲಿ ಬಿಟ್ಟುಹೋಗಿರಬೇಕು” ಅಂದ. ಆಮೇಲೆ “ನಂಬರೆಲ್ಲ ಕಂಪ್ಯೂಟರಿನಲ್ಲಿದೆ” ಅಂದ. ಹಾಗಾದರೆ ಡ್ರಮ್ ಯಾಕೆ ಮಾರಾಯ? ಅದಕ್ಕೆ, “ಒಳ್ಳೇ ಕೆಲಸಕ್ಕೆ ಕೊಟ್ಟದ್ದು ಅಂದುಕೊಳ್ಳಿ. ಸಾವಿರ ರೂಪಾಯಿಗೆ ಇಷ್ಟು ಮಾತಾ? ಊಟ ಮಾಡಿದಿರಲ್ಲ?” ಊಟ ಮಾಡಿದಿರಲ್ಲ ಅಂತೆ! ಪಕ್ಕದಲ್ಲಿದ್ದ ನಾಲ್ಕು ಜನ ನಕ್ಕರು. ನಮ್ಮ ಭಾವನೂ ನಕ್ಕ.

ಪೊಲೀಸ್‌ನಲ್ಲಿರುವ ಪರಿಚಯದವರಿಗೆ ಹೇಳಿದೆ. ಕರ್ನಾಟಕದಲ್ಲಿ 2007ರಿಂದ ಲಾಟರಿಯೇ ಬಂದ್, ನೀನೇ ಬುಕ್ ಮಾರಿ ಈಗ ದೂರು ಕೊಡ್ತೀಯಾ ಅಂತ ನನಗೇ ಬೈದರು. ಆಮೇಲೆ ಚೀಟಿ ತೆಗೆದು ನೋಡ್ತೇನೆ, ಸಣ್ಣ ಅಕ್ಷರದಲ್ಲಿ “ದೇಣಿಗೆ ಕೂಪನ್” ಅಂತಿದೆ. ಗಡಿಯ ಮಾಕುಟ್ಟ ದಾಟಿದರೆ ಕೇರಳದಲ್ಲಿ ಸರ್ಕಾರವೇ ಲಾಟರಿ ನಡೆಸುತ್ತೆ, ಗೆದ್ದ ನಂಬರ್ ಪೇಪರಿನಲ್ಲಿ ಬರುತ್ತೆ. ನಮ್ಮವರದ್ದು ಎಲ್ಲಿ ಬರುತ್ತೆ? ಎಲ್ಲೂ ಇಲ್ಲ.

ಲೈನ್ ಮನೆಯವರಿಗೆ 600 ರೂಪಾಯಿ ನನ್ನ ಜೇಬಿನಿಂದ ವಾಪಸ್ ಕೊಡೋಕೆ ಹೋದೆ. ಒಬ್ಬಳು ತಗೊಳ್ಳಲಿಲ್ಲ, “ಸ್ಕೂಟರ್ ಬರಬಹುದಲ್ಲ ಅಣ್ಣ” ಅಂದಳು. ಅವಳಿಗೆ ಏನು ಹೇಳಲಿ?

ಕೊಡಲೇಬೇಕು ಅನಿಸಿದರೆ ದೇಣಿಗೆ ಅಂತ ಕೊಟ್ಟು ರಸೀದಿ ತಗೊಳ್ಳಿ. ಕೂಪನ್ನೇ ತಗೊಂಡರೆ ಅರ್ಧಚೀಟಿ ಹರಿದು ಡ್ರಮ್ಮಿಗೆ ಬೀಳೋದನ್ನು ಕಣ್ಣಾರೆ ನೋಡಿ. ಬುಕ್ ಮಾತ್ರ ನಿಮ್ಮ ಕೈಗೆ ತಗೊಳ್ಳಲೇಬೇಡಿ, ಎಷ್ಟು ಬೇಕಾದವರಾದರೂ ಸರಿ.

ಆ ಸ್ಕೂಟರ್ ಯಾರ ಮನೆ ಅಂಗಳದಲ್ಲಾದರೂ ಕಂಡವರಿದ್ದರೆ ದಯವಿಟ್ಟು ನನಗೆ ತಿಳಿಸಿ.