ಮಳೆಗಾಲದ ಪಕ್ಕವಾದ್ಯ: ತಾಳ ನುಡಿಸುವ ಗಿಟಾರ್ ಆಂಪ್ಲಿಫೈಯರ್

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆಗಳಲ್ಲಿ ಗಿಟಾರ್ ನುಡಿಸುವವರಿಗೆ ಜೊತೆಗಾರರು ಸಿಗುವುದು ಕಷ್ಟ. ಹೊಳೆ ತುಂಬಿ ರಸ್ತೆಗೆ ನೀರು ಬಂದ ಮೇಲೆ, ಡ್ರಮ್ಸ್ ನುಡಿಸುವ ಗೆಳೆಯ ಮಡಿಕೇರಿಯಿಂದ ಇಲ್ಲಿಗೆ ಬರುವ ಮಾತೇ ಇರುವುದಿಲ್ಲ. ಅಂತಹ ತಿಂಗಳುಗಳಿಗಾಗಿ, ಒಳಗೇ ತಾಳದ ಮಟ್ಟುಗಳನ್ನು ತುಂಬಿಕೊಂಡಿರುವ ಹತ್ತು ವ್ಯಾಟಿನ ಅಭ್ಯಾಸದ ಆಂಪ್ಲಿಫೈಯರ್ ಒಂದನ್ನು ಕೊಂಡು ಎರಡು ಮಳೆಗಾಲ ಬಳಸಿದ್ದೇನೆ. ಒಂದು ಕಂಪನಿಯ ಒಂದು ಮಾದರಿಗಿಂತ ಈ ಬಗೆಯ ಪೆಟ್ಟಿಗೆಯನ್ನೇ ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಇವು ಹೊಸತೇನಲ್ಲ. 2000ರ ದಶಕದಲ್ಲೇ ಫೆಂಡರ್ ಕಂಪನಿಯ ಜಿ-ಡೆಕ್ ಡ್ರಮ್ಸ್ ಮತ್ತು ಬೇಸ್ ಎರಡನ್ನೂ ಒಳಗಿನಿಂದಲೇ ನುಡಿಸುತ್ತಿತ್ತು. ರೋಲ್ಯಾಂಡ್‌ನ ಮೈಕ್ರೋ ಕ್ಯೂಬ್ ಆರ್‌ಎಕ್ಸ್‌ನಲ್ಲಿ ನಾಲ್ಕು ಪುಟ್ಟ ಸ್ಪೀಕರ್‌ಗಳ ಜೊತೆ ತಾಳದ ಗುಂಡಿಯೂ ಇತ್ತು. ವಾಕ್ಸ್‌ನ ಮಿನಿ5 ರಿದಮ್‌ನಲ್ಲಿ 99 ಮಟ್ಟುಗಳಿವೆ. ಪಾಸಿಟಿವ್ ಗ್ರಿಡ್‌ನ ಸ್ಪಾರ್ಕ್ ಫೋನಿನ ಆ್ಯಪ್ ಮೂಲಕ ನಮ್ಮ ನುಡಿಸಾಣಿಕೆಯನ್ನು ಕೇಳಿಸಿಕೊಂಡು, ಅದಕ್ಕೆ ಹೊಂದುವ ಡ್ರಮ್ಸ್ ಮತ್ತು ಬೇಸ್ ಕಟ್ಟಿಕೊಡುತ್ತದೆ.

ನನಗೆ ಆದ ದೊಡ್ಡ ಲಾಭ ಲಯದ್ದು. ಸಿ ಕಾರ್ಡ್‌ನಿಂದ ಒಂದೇ ಬೆರಳನ್ನು ತಂತಿಗಳ ಮೇಲೆಲ್ಲ ಅಡ್ಡಲಾಗಿ ಒತ್ತಬೇಕಾದ ಎಫ್ ಬಾರೆ ಕಾರ್ಡ್‌ಗೆ ಬೆರಳು ಹೊರಳಿಸುವಾಗ ನಾನು ಅರ್ಧ ಮಾತ್ರೆ ಹಿಂದೆ ಬೀಳುತ್ತಿದ್ದೆ ಮತ್ತು ಆ ನಷ್ಟವನ್ನು ತುಂಬಿಕೊಳ್ಳಲು ಮುಂದಿನ ಆವರ್ತವನ್ನು ಓಡಿಸುತ್ತಿದ್ದೆ ಎಂಬುದು ಹತ್ತು ವರ್ಷ ನುಡಿಸಿದರೂ ನನಗೆ ತಿಳಿದಿರಲಿಲ್ಲ, ಏಕೆಂದರೆ ಜೊತೆಗೆ ನುಡಿಸುವ ಗೆಳೆಯರು ಪ್ರೀತಿಯಿಂದ ನನಗಾಗಿ ಕಾಯುತ್ತಿದ್ದರು. ಈ ಪೆಟ್ಟಿಗೆ ಯಾರಿಗೂ ಕಾಯುವುದಿಲ್ಲ. ನಿಮಿಷಕ್ಕೆ 60 ಎಣಿಕೆಯ ಗತಿಯಲ್ಲಿ ಶುರುಮಾಡಿ, ವಾರಕ್ಕೆ ನಾಲ್ಕೈದರಂತೆ ಏರಿಸುತ್ತ ಹೋದೆ. ಇದಕ್ಕಿಂತ ಹೆಚ್ಚು ಉಪಯೋಗವಾದದ್ದು ಮತ್ತೊಂದು ಅಭ್ಯಾಸ: ತಾಳದ ಧ್ವನಿಯನ್ನು ಪೂರ್ತಿ ಇಳಿಸಿ, ನಾಲ್ಕು ಆವರ್ತ ಒಬ್ಬನೇ ನುಡಿಸಿ, ಮತ್ತೆ ಏರಿಸಿದಾಗ ಎಷ್ಟು ಜಾರಿದ್ದೇನೆಂದು ನೋಡುವುದು. ತಾಳಕ್ಕೂ ಗಿಟಾರಿಗೂ ಬೇರೆ ಬೇರೆ ವಾಲ್ಯೂಮ್ ಗುಂಡಿ ಇದ್ದರೆ ಮಾತ್ರ ಇದು ಸಾಧ್ಯ, ಆದ್ದರಿಂದ ಆ ಗುಂಡಿಯಿಲ್ಲದ ಮಾದರಿಯನ್ನು ನಾನಂತೂ ಕೊಳ್ಳುವುದಿಲ್ಲ.

ಕೊರತೆ ಇರುವುದು ಮಟ್ಟುಗಳ ಆಯ್ಕೆಯಲ್ಲಿ. ನನ್ನದರಲ್ಲಿ ರಾಕ್, ಬ್ಲೂಸ್, ಫಂಕ್, ಬೋಸಾನೋವಾ ಎಲ್ಲವೂ ಇವೆ, ಆದರೆ ಬಹುಪಾಲು ನಾಲ್ಕು ಎಣಿಕೆಯವೇ. ಮೂರೂ ನಾಲ್ಕೂ ಸೇರಿ ಏಳಾಗುವ ಮಿಶ್ರಛಾಪು ಇದರಲ್ಲಿ ಹುಡುಕಿದರೂ ಇಲ್ಲ. ಕೊಡವ ವಾಲಗದ ಕುಣಿತ ನನ್ನ ಕಿವಿಗೆ ಕೇಳುವುದು ಮೂರು ಮೂರಾಗಿ ಹೊರಳುವ ಆರು ಮಾತ್ರೆಯಲ್ಲಿ. ಅದಕ್ಕೆ ಪೆಟ್ಟಿಗೆಯ 6/8 ಮಟ್ಟನ್ನು ಹಚ್ಚಿದರೆ ಎಣಿಕೆ ಕೂಡುತ್ತದೆ, ವಾಲಗ ಕೇಳಿದೊಡನೆ ಕಾಲು ತಾನಾಗಿ ಎದ್ದೇಳುವ ಆ ತೂಗಾಟ ಮಾತ್ರ ಬರುವುದಿಲ್ಲ. ಕೊನೆಗೆ ಪುತ್ತರಿ ಸುಗ್ಗಿ ಹಬ್ಬದ ಸಮಯದಲ್ಲಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡ ದುಡಿ ಎಂಬ ಪುಟ್ಟ ಚರ್ಮವಾದ್ಯದ ಸದ್ದನ್ನು ಆಂಪ್‌ನ ಆಕ್ಸ್ ಕಿಂಡಿಗೆ (ಹೊರಗಿನ ಸದ್ದನ್ನು ಒಳಗೆ ಕೊಡುವ ಕಿಂಡಿ) ಕೊಟ್ಟು ಅದರ ಮೇಲೆ ನುಡಿಸಿದೆ. ಅಂದು ಸಂಜೆ ಅಡುಗೆಮನೆಯಲ್ಲಿದ್ದ ಅಮ್ಮ ಕೈಯ ಕೆಲಸ ಬಿಟ್ಟು ಬಾಗಿಲಲ್ಲಿ ಬಂದು ನಿಂತರು. ನಮ್ಮ ಕಡೆಯವರು ಕೊಳ್ಳುವಾಗ ಮಟ್ಟುಗಳ ಸಂಖ್ಯೆಯಷ್ಟೇ ಆಸ್ಥೆಯಿಂದ ಈ ಕಿಂಡಿ ಇದೆಯೇ ಎಂಬುದನ್ನೂ ನೋಡಬೇಕೆಂದು ನನಗೆ ಅನ್ನಿಸಿದ್ದು ಆಗಲೇ.

ನಾದದ ವಿಷಯಕ್ಕೆ ಬಂದರೆ, ಆರೂವರೆ ಇಂಚಿನ ಸ್ಪೀಕರ್ ಬೇಸ್ ಡ್ರಮ್ಮಿನ ಮಂದ್ರವನ್ನು ತುಂಬಿಕೊಡಲಾರದು. ಏಟು ಕೇಳಿಸುತ್ತದೆ, ಗುಂಡಿಗೆಗೆ ತಟ್ಟುವುದಿಲ್ಲ. ಕ್ಲೀನ್ ನಾದದಲ್ಲಿ ಗಿಟಾರೂ ತಾಳವೂ ಬೇರೆ ಬೇರೆಯಾಗಿ ನಿಲ್ಲುತ್ತವೆ, ಆದರೆ ನಾದವನ್ನು ಒರಟಾಗಿಸುವ ಗೇನ್ ಹೆಚ್ಚಿಸಿದರೆ ಒಂದೇ ಸ್ಪೀಕರಿನಲ್ಲಿ ಎರಡೂ ಕಲಸಿಹೋಗುತ್ತವೆ. ತಗಡಿನ ಮಾಡಿನ ಮೇಲೆ ಆಟಿ ತಿಂಗಳ ಮಳೆ ಸುರಿಯುವಾಗ ಹತ್ತು ವ್ಯಾಟ್ ಏನೇನೂ ಸಾಲದು. ಹೆಡ್‌ಫೋನ್ ಹಾಕಿದರೆ ತಾಳದ ಒಂದೊಂದು ಪೆಟ್ಟೂ ಸ್ಪಷ್ಟ, ಮಲಗಿದ ಮಕ್ಕಳಿಗೂ ತೊಂದರೆಯಿಲ್ಲ.

ಕೊಡಗಿನಲ್ಲಿ ವಿದ್ಯುತ್ತಿನ ಪ್ರಶ್ನೆ ನಾದದಷ್ಟೇ ಮುಖ್ಯವಾದದ್ದು. ತಂತಿಯ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದಾಗ, ಪವರ್ ಬ್ಯಾಂಕಿನಿಂದ ನಡೆಯುವ ನನ್ನ ಪೆಟ್ಟಿಗೆ ಸಂಜೆಗೆ ಒಂದು ಗಂಟೆಯಂತೆ ಮೂರೂ ದಿನ ನುಡಿಯಿತು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಸಿಕ್ಕಿಸಿದರೆ ಮಾತ್ರ ಜುಂಯ್ ಎಂಬ ಸದ್ದು ತಾಳದ ಹಿಂದೆ ಬಿಡದೆ ಕೇಳುತ್ತಿತ್ತು. ಆರು ಎಎ ಸೆಲ್ ಬೇಡುವ ಮಾದರಿಯಾದರೆ, 1.2 ವೋಲ್ಟಿನ ರೀಚಾರ್ಜಬಲ್ ಸೆಲ್‌ಗಳು ಆರು ಸೇರಿದರೂ 7.2 ವೋಲ್ಟ್ ಮಾತ್ರ ಆಗುವುದರಿಂದ, ಕೈಪಿಡಿ ಅವನ್ನು ಒಪ್ಪುತ್ತದೆಯೇ ಎಂದು ಮೊದಲೇ ಓದಿಕೊಳ್ಳಬೇಕು.

ತೇವವೂ ಸಣ್ಣ ಶತ್ರುವಲ್ಲ. ಮೊದಲ ವರ್ಷ ಆಗಸ್ಟ್ ಹೊತ್ತಿಗೆ ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಎನ್ನತೊಡಗಿತು ಮತ್ತು ಹಿಂಬದಿಯ ಬಟ್ಟೆಗೆ ಬೂಷ್ಟು ಹಿಡಿಯಿತು. ಈಗ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಿಡುತ್ತೇನೆ, ಎರಡನೆಯ ಮಳೆಗಾಲ ಆ ತೊಂದರೆಯಿಲ್ಲದೆ ಕಳೆಯಿತು.

ಕೊಳ್ಳುವವರು ಮೈಸೂರಿಗೋ ಮಂಗಳೂರಿಗೋ ಹೋಗುವಾಗ ತಮ್ಮದೇ ಗಿಟಾರ್ ಕೊಂಡೊಯ್ಯಲಿ. ಅಂಗಡಿಯವರು ಜೋರಾಗಿ ಹಾಕಿ ತೋರಿಸಿದ ಮೇಲೆ, ಧ್ವನಿಯನ್ನು ಮನೆಯಲ್ಲಿ ಮಾತನಾಡುವಷ್ಟು ತಗ್ಗಿಸಿ ಬರಿಯ ತಾಳವನ್ನೊಮ್ಮೆ ಕೇಳಿ. ಆ ಮಟ್ಟದಲ್ಲೂ ಮೊದಲ ಎಣಿಕೆ ಯಾವುದೆಂದು ಕಿವಿಗೆ ಗೊತ್ತಾಗುವ ಪೆಟ್ಟಿಗೆಯನ್ನೇ ತನ್ನಿ.